ತೊಗರಿ ಕಾಳಿನಷ್ಟು ದೀಪ

ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ಒಂದು ಜಗಳವಾಯಿತು. ಕಾರಣ, ತೊಗರಿ ಕಾಳಿನಷ್ಟು ದೊಡ್ಡದಾದ ಒಂದು ಕೆಂಪು ದೀಪ. ಅಷ್ಟು ಸಣ್ಣ ದೀಪಕ್ಕೆ ಜಗಳವೇ ಎಂದು ನೀವು ನಗಬಹುದು. ಮೊದಲು ಕೇಳಿ, ಆಮೇಲೆ ನಗಿ.

ನನ್ನ ತಂಗಿಯ ಮಗಳು ದೇವದುರ್ಗದವಳು. ರಾಯಚೂರಿನಲ್ಲಿ ನಮ್ಮ ಮನೆಯಲ್ಲಿದ್ದು ಪಿಯುಸಿ ಓದುತ್ತಾಳೆ, ಗಿಟಾರ್ ಬಾರಿಸುತ್ತಾಳೆ. ಕರೆಂಟಿನ ಗಿಟಾರ್. ಅದರ ದನಿಯನ್ನು ಬೇಕೆಂದೇ ಒರಟು ಮಾಡುವ, ಕಾಲಿನಿಂದ ಒತ್ತುವ ಒಂದು ಡಬ್ಬಿ ಬರುತ್ತದೆ, ಪೆಡಲ್ ಎನ್ನುತ್ತಾರೆ. ಕೊಂಡರೆ ಸಾವಿರಾರು ರೂಪಾಯಿ. ಇವಳು ತಾನೇ ಮಾಡಿಕೊಂಡಳು. ಒಮ್ಮೆ ಒತ್ತಿದರೆ ದನಿ ಡಬ್ಬಿಯೊಳಗಿನ ಸರ್ಕೀಟನ್ನು ಹಾದು ಗುಡುಗಾಗಿ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಸೀದಾ ಹೋಗುತ್ತದೆ. ಆದರೆ ಈಗ ಯಾವ ದಾರಿಯಲ್ಲಿದೆ ಎಂಬುದು ಮಾತ್ರ ತಂತಿ ಮೀಟುವ ತನಕ ತಿಳಿಯದು.

ಕಾಲೇಜಿನ ಕಾರ್ಯಕ್ರಮದಲ್ಲಿ ಅದೇ ಮೋಸವಾಯಿತು. ಮೆಲ್ಲಗೆ ಶುರುವಾಗಬೇಕಿದ್ದ ಭಾವಗೀತೆ ಗುಡುಗಿನಿಂದ ಶುರುವಾಯಿತು. ಹುಡುಗರು ಸಿಳ್ಳೆ ಹೊಡೆದರು. ಮನೆಗೆ ಬಂದವಳು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ, “ದೊಡ್ಡವ್ವಾ, ಇದಕ್ಕೊಂದು ದೀಪ ಹಾಕ್ಬೇಕು” ಅಂದಳು.

ದೀಪ ಹಾಕುವುದೆಂದರೆ ಎರಡು ತಂತಿ ಸಿಕ್ಕಿಸುವುದು ಎಂದುಕೊಂಡಿದ್ದೆ. ಅಲ್ಲವಂತೆ. ಮೊದಲಿದ್ದ ಸ್ವಿಚ್ಚಿಗೆ ಆರು ಕಾಲು. ಆರೂ ದನಿಯ ಹೋಗು-ಬರುವಿಗೇ ಮುಗಿದುಹೋಗಿದ್ದವು. ದೀಪಕ್ಕೂ ದಾರಿ ಬೇಕೆಂದರೆ ಒಂಬತ್ತು ಕಾಲಿನ ಸ್ವಿಚ್ ಬೇಕು. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ, “ಅಣ್ಣನ್ನೋ ಅಪ್ಪನ್ನೋ ಕಳಸವ್ವಾ, ನಿನಗ ತಿಳಿಯಂಗಿಲ್ಲ” ಎಂದರು. ಕೊನೆಗೆ ಬೆಂಗಳೂರಿನಿಂದ ತರಿಸಿದ್ದಾಯಿತು. ತೀನ್ ಕಂದೀಲ್ ಎಂದು ಪೇಟೆಗೇ ದೀಪದ ಹೆಸರಿಟ್ಟುಕೊಂಡ ಊರು ನಮ್ಮದು!

ಹಬ್ಬಕ್ಕೆ ಬಂದ ಅವಳಪ್ಪ, ಮಗಳು ಬಾಗಿ ಕುಳಿತು ಬೆಸುಗೆ ಹಾಕುವುದನ್ನು ಬಾಗಿಲಲ್ಲಿ ನಿಂತು ನೋಡಿದರು. “ಅಕ್ಕಾರ, ಬಾರ್ಸೋದು ಇರ್ಲಿ ಅಂತ ಸುಮ್ನಿದ್ದೆ. ಈಗ ಕಾಸಿದ ಕಬ್ಬಿಣ ಬ್ಯಾರೆ ಹಿಡದಾಳ. ಬರೇ ಅಲಂಕಾರದ ದೀಪಕ್ಕ ಇಷ್ಟೆಲ್ಲಾ ಬೇಕೇನ್ರಿ?”

ಅಲಂಕಾರವಂತೆ. ನನ್ನ ಗಂಡನ ಮನೆ ಮಾನವಿ ಕಡೆ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಮೇಲೆ ಮೂರು ದೀಪ, ಕೆಂಪು, ಹಳದಿ, ನೀಲಿ. ಒಂದು ಫೇಸ್ ಹೋದಾಗ ಮೋಟಾರು ಹಾಕಿದರೆ ವೈಂಡಿಂಗ್ ಸುಟ್ಟು ಹೋಗುತ್ತದೆ. ನಮ್ಮತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ದೀಪ ನೋಡಿ, “ಹಳದಿ ಇಲ್ಲ, ಕೈ ಹಚ್ಚಬ್ಯಾಡ್ರಿ” ಎಂದು ಗಂಡಸರನ್ನೇ ತಡೆಯುತ್ತಿದ್ದರು. ಆ ದೀಪಗಳನ್ನು ಅಲಂಕಾರವೆಂದು ಯಾವ ರೈತನೂ ಅಂದಿಲ್ಲ. ಹೊಲದಲ್ಲಿ ಅದು ಎಚ್ಚರಿಕೆ, ಹುಡುಗಿಯ ಡಬ್ಬಿಯ ಮೇಲೆ ಬಂದರೆ ಶೋಕಿ. ಇದು ಯಾವ ನ್ಯಾಯ?

ಅವರು ಹೇಳಿದ ಇನ್ನೊಂದು ಮಾತಿನಲ್ಲಿ ಮಾತ್ರ ಹುರುಳಿತ್ತು. ದೀಪ ಬ್ಯಾಟರಿ ತಿನ್ನುತ್ತದೆ ಎಂದರು. ತಿನ್ನುತ್ತದೆ. ನಾನು ಬಿ.ಎ., ಬಿ.ಎಡ್., ಕನ್ನಡ ಪಾಠ ಮಾಡುವವಳು. ಇದನ್ನು ಹುಡುಗಿಯಿಂದಲೇ ಕಲಿತೆ. ಬ್ಯಾಟರಿ 9 ವೋಲ್ಟಿನದು. ಕೆಂಪು ಎಲ್‌ಇಡಿ ದೀಪ ಸುಮಾರು 2 ವೋಲ್ಟ್ ಹಿಡಿದುಕೊಳ್ಳುತ್ತದೆ. ಉಳಿದ 7ನ್ನು ತಡೆಯಲು ಒಂದು ರೆಸಿಸ್ಟರ್ ಬೇಕು. ಇಲ್ಲದಿದ್ದರೆ ದೀಪ ಹಾಳಾಗುತ್ತದೆ. ಸುಮಾರು 700 ಓಮ್ ಹಾಕಿದರೆ 10 ಮಿಲಿಆಂಪಿಯರ್ ಹರಿದು ದೀಪ ಝಗ್ಗೆನ್ನುತ್ತದೆ. ಆದರೆ ಇಂಥ ಪೆಡಲಿನ ಸರ್ಕೀಟು ಉಣ್ಣುವುದೇ ಕೆಲವು ಮಿಲಿಆಂಪಿಯರ್. ಮನೆಯವರಿಗಿಂತ ಬೀಗರ ಊಟವೇ ಹೆಚ್ಚಾದಂತೆ! ಅವಳು ಹಾಕಿದ್ದು 4,700 ಓಮಿನದು. 7ನ್ನು ಅದರಿಂದ ಭಾಗಿಸಿ ನೋಡಿ, ಒಂದೂವರೆ ಮಿಲಿಆಂಪಿಯರ್ ಮಾತ್ರ. ದೀಪ ಮಂದ, ಆದರೆ ಕತ್ತಲೆಯ ವೇದಿಕೆಯಲ್ಲಿ ಅಷ್ಟು ಸಾಕು. ನೀಲಿ ದೀಪ ಹಾಕುವ ಆಸೆಯೂ ಅವಳಿಗಿತ್ತು. ಹೊಳೆಯುವ ನೀಲಿ ಎಲ್‌ಇಡಿಗೆ ದಾರಿ ತೋರಿಸಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು ಎಂದು ನನಗೇ ಪಾಠ ಹೇಳಿದಳು. ನೀಲಿಗೆ 3 ವೋಲ್ಟಿನಷ್ಟು ಬೇಕು, ಬ್ಯಾಟರಿ ಇಳಿದಾಗ ಕೆಂಪೇ ವಾಸಿ ಎಂದು ತಾನೇ ಬಿಟ್ಟಳು.

ಈ ಭಾಗಾಕಾರವೇ ಓಮನ ನಿಯಮ. ಎಸ್ಸೆಸ್ಸೆಲ್ಸಿಯಲ್ಲಿ ಇದನ್ನೇ ಬರೆದು ಅಂಕ ತಂದಾಗ ಇದೇ ಅಪ್ಪ ದೇವದುರ್ಗದಲ್ಲಿ ಓಣಿಗೆಲ್ಲ ಪೇಢೆ ಹಂಚಿದ್ದರು. ಹಾಳೆಯ ಮೇಲಿದ್ದಾಗ ಪೇಢೆ, ಕೈಗೆ ಇಳಿದಾಗ ಬೈಗುಳ. ಅವರೊಬ್ಬರನ್ನೇ ದೂರುವುದಿಲ್ಲ. ಮೂವತ್ತು ವರ್ಷದಿಂದ ಶಾಲೆಯಲ್ಲಿದ್ದೇನೆ. ವಿಜ್ಞಾನ ಪ್ರದರ್ಶನ ಬಂದರೆ ತಂತಿ ಜೋಡಿಸಲು ಹುಡುಗರು, ಚಾರ್ಟಿನ ಮೇಲೆ ಅಂದವಾಗಿ ಬರೆಯಲು ಹುಡುಗಿಯರು. ಹಾಗೆ ಹಂಚಿದವರಲ್ಲಿ ನಾನೂ ಒಬ್ಬಳು. ನನ್ನ ಅಕ್ಷರ ಚೆನ್ನಾಗಿದೆ ಎಂದು ನನ್ನನ್ನೂ ಚಾರ್ಟಿಗೇ ಕೂಡಿಸಿದ್ದರು.

ಸಂಗೀತದವರು ಯಂತ್ರದ ಗೊಡವೆಗೆ ಹೋಗಬಾರದು ಎನ್ನುವವರೂ ಇದ್ದಾರೆ. ಕಚೇರಿಗಳಲ್ಲಿ ಗಾಯಕರ ಪಕ್ಕ ಕೂಡುವ ಎಲೆಕ್ಟ್ರಾನಿಕ್ ತಂಬೂರಿಯನ್ನು ನೋಡಿಲ್ಲವೇ? ಅದನ್ನು ಮಾಡಿ ಮನೆಮನೆಗೆ ಮುಟ್ಟಿಸಿದ ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ನುಡಿಸುವವನೇ ವಾದ್ಯ ಕಟ್ಟಿದ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನುಡಿಸುವವಳು ಕಟ್ಟಿದರೆ “ನಿನಗ್ಯಾಕವ್ವ ಇದು” ಎನ್ನುತ್ತೇವೆ. ನಾವು ಹೆಂಗಸರೂ ಕಡಿಮೆಯಿಲ್ಲ. ಮಿಕ್ಸರ್ ಕೆಟ್ಟರೆ ಮಗನನ್ನೇ ಕೂಗುತ್ತೇವಲ್ಲ!

ಅವಳ ದೀಪ ಮೊದಲು ಹತ್ತಲಿಲ್ಲ. ಉದ್ದನೆಯ ಕಾಲು ಪ್ಲಸ್ಸಿಗೆ ಹೋಗಬೇಕಿತ್ತು, ತಿರುವುಮುರುವಾಗಿತ್ತು. ಬಿಚ್ಚಿ ಮತ್ತೆ ಹಾಕಿದಳು, ಹತ್ತಿತು. ಅವಳಪ್ಪ ನೋಡಿದರು, ಏನೂ ಅನ್ನಲಿಲ್ಲ. ಊರಿಗೆ ಹೊರಡುವಾಗ ಮಾತ್ರ, ಆ ಕಾಸುವ ಕಬ್ಬಿಣ ನಮ್ಮ ಮನೆಗೆ ಬರಕೂಡದು ಎಂದು ತಂಗಿಗೆ ಹೇಳಿಹೋದರಂತೆ. ಬೇಸಿಗೆ ರಜೆಗೆ ದೇವದುರ್ಗಕ್ಕೆ ಹೋಗುವಾಗ ನಾನೇ ನನ್ನ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ.