ಅಕ್ಕಡಿ ಸಾಲು ಬಿಟ್ಟು ಜೇನು ಪೆಟ್ಟಿಗೆ ಕೊಳ್ಳುವುದೇ?

ಕನಕಪುರ ರಸ್ತೆ ಕಡೆ ಈಗ ಯಾವ ರೈತರ ಸಭೆಗೆ ಹೋದರೂ ಒಂದೇ ಮಾತು. ಪರಾಗಸ್ಪರ್ಶ ಸಾಲುತ್ತಿಲ್ಲ, ಜೇನು ಪೆಟ್ಟಿಗೆ ಇಡಿ. ಪೆಟ್ಟಿಗೆ ಇಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮಂಥ ಖುಷ್ಕಿ ಜಮೀನಿನವರಿಗೆ ಮೊದಲು ಬೇಕಾದ್ದು ಪೆಟ್ಟಿಗೆಯಲ್ಲ. ಅಕ್ಕಡಿ ಸಾಲು ಬೇಕು, ಉಳದೆ ಬಿಟ್ಟ ಬದು ಬೇಕು. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಕೃಷಿ ವಿಶ್ವವಿದ್ಯಾಲಯದವರಿಂದ ಕೇಳಿದ್ದು, ಹೊಲದಲ್ಲಿ ಕಂಡದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ರಾಗಿಗೆ ಹುಳದ ಹಂಗಿಲ್ಲ, ತನ್ನಷ್ಟಕ್ಕೆ ಕಾಳು ಕಟ್ಟುತ್ತೆ. ಹುರುಳಿ ಹಾಗೇ, ಅವರೆಯೂ ಬಹುಪಾಲು ಹಾಗೇ. ಹುಚ್ಚೆಳ್ಳು ಮಾತ್ರ ಬೇರೆ. ಒಂದು ಗಿಡದ ಪರಾಗ ಅದೇ ಗಿಡದ ಹೂವಿಗೆ ಬಿದ್ದರೆ ಕಾಳಾಗುವುದಿಲ್ಲ. ಪಕ್ಕದ ಗಿಡದಿಂದಲೇ ಬರಬೇಕು, ತರುವುದು ಜೇನು. ಜೇನು ಬಾರದ ವರ್ಷ ಹೊಲವೆಲ್ಲ ಹಳದಿ ಹೂವಾಗಿ ಕಣ್ಣಿಗೆ ಹಬ್ಬ, ಕಣದಲ್ಲಿ ಬಡಿದರೆ ಜೊಳ್ಳು. ತೊಗರಿ ಇವೆರಡರ ನಡುವಿನದು. ತಾನೇ ಕಾಯಿ ಕಟ್ಟುತ್ತೆ, ಆದರೆ ದಪ್ಪ ಹುಳ ಬಂದು ಹೂವಿನ ಕೆಳಗಿನ ಎಸಳ ಮೇಲೆ ಕೂತಾಗ ಅದು ಬಗ್ಗಿ, ಒಳಗಿನ ಪರಾಗ ಹುಳದ ಹೊಟ್ಟೆಗೆ ಅಂಟಿ, ಗಿಡದಿಂದ ಗಿಡಕ್ಕೆ ಹೋಗುತ್ತೆ.

ಬದನೆ ಹೂವಿನದು ಇನ್ನೊಂದು ತರ. ಅದರ ಪರಾಗ ಸಣ್ಣ ಕೊಳವೆಯೊಳಗಿರುತ್ತೆ, ತುದಿಯಲ್ಲಿ ಮಾತ್ರ ತೂತು, ಉಪ್ಪಿನ ಡಬ್ಬಿ ಇದ್ದ ಹಾಗೆ. ಅಲ್ಲಾಡಿಸದೆ ಉದುರುವುದಿಲ್ಲ. ಕಪ್ಪು ದುಂಬಿ ಹೂವನ್ನು ತಬ್ಬಿಕೊಂಡು ಗುಂಯ್ ಅಂತ ನಡುಗಿಸಿ ಉದುರಿಸುತ್ತೆ. ಮೈಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನೊಂದಿದೆ, ಅದಕ್ಕೂ ಈ ವಿದ್ಯೆ ಬರುತ್ತೆ. ಪೆಟ್ಟಿಗೆಯ ತುಡುವೆ ಜೇನಿಗೆ ಬರುವುದಿಲ್ಲ. ದುಂಬಿ ಗೂಡು ಮಾಡುವುದು ಒಣಗಿದ ಮರ, ಬಿದಿರಿನಲ್ಲಿ. ನೀಲಿ ಪಟ್ಟೆಯದು ಮಣ್ಣಿನಲ್ಲಿ ತೂತು ಕೊರೆದು ಮರಿ ಮಾಡುತ್ತೆ. ಬದುವನ್ನೆಲ್ಲ ಜೆಸಿಬಿಯಲ್ಲಿ ಕೆರೆದು ಮಟ್ಟ ಮಾಡಿ, ಆಮೇಲೆ ಬದನೆ ಕಾಯಿ ಕಚ್ಚಲಿಲ್ಲ ಅಂತ ಟಾನಿಕ್ ಹುಡುಕುವವರಿಗೆ ಏನು ಹೇಳೋಣ?

ಹೂವಿಗೂ ಹುಳಕ್ಕೂ ಇರುವ ಈ ಕೊಡು–ಕೊಳ್ಳು ಕೋಟ್ಯಂತರ ವರ್ಷದ್ದು. ಹೂವಿನ ಆಕಾರ, ಬಣ್ಣ, ಅರಳುವ ಹೊತ್ತು ಎಲ್ಲ ಗಿರಾಕಿಗೆ ತಕ್ಕಂತೆ ಬದಲಾಗುತ್ತಾ ಬಂದಿದೆ. ಗಿರಾಕಿಯ ಮೈಯೂ ಹೂವಿಗೆ ತಕ್ಕಂತೆ ಬದಲಾಗಿದೆ. ಕುಂಬಳದ ಹೂ ಬೆಳಕು ಹರಿಯುವ ಮುಂಚೆಯೇ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತೆ, ಅದಕ್ಕೆ ಬೆಳಗಿನ ಜೇನು ಬೇಕು. ಸೋರೆಯ ಬಿಳಿ ಹೂ ಸಂಜೆ ಅರಳುತ್ತೆ, ಕತ್ತಲಲ್ಲಿ ಹಾರುವ ಪತಂಗಕ್ಕೆ ಕಾಣಲಿ ಅಂತ.

ಇದರ ತುತ್ತತುದಿ ಅಂದರೆ ಅತ್ತಿ ಮರ. ಅತ್ತಿಗೆ ಹೂ ಬಿಡುವುದಿಲ್ಲ ಅಂತ ನಮ್ಮವರು ಹೇಳುವುದುಂಟು. ಹೂವಿದೆ, ಕಾಯಿಯ ಒಳಗಿದೆ, ನೂರಾರು. ಸಾಸಿವೆಗಿಂತ ಸಣ್ಣದೊಂದು ಕಣಜ ಕಾಯಿಯ ಮೂತಿಯ ಕಿಂಡಿಯಲ್ಲಿ ನುಸುಳುತ್ತೆ. ಕಿಂಡಿ ಎಷ್ಟು ಇಕ್ಕಟ್ಟು ಅಂದರೆ ರೆಕ್ಕೆ ಮುರಿದು ಹೋಗುತ್ತೆ. ಒಳಗೆ ತಂದ ಪರಾಗ ಹಚ್ಚಿ, ಕೆಲವು ಹೂವಿನಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಅದು ಹೊರದಾರಿ ಕೊರೆದುಕೊಡುತ್ತೆ, ಹೆಣ್ಣು ಪರಾಗ ಹೊತ್ತು ಹಾರುತ್ತೆ. ಹಾರಿದ ಮೇಲೆ ಅದರ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಹದಕ್ಕೆ ಬಂದ ಕಾಯಿ ಇರುವ ಇನ್ನೊಂದು ಅತ್ತಿ ಸಿಗಬೇಕು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರೆನೀ ಬೋರ್ಜಸ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಈ ಅತ್ತಿ ಮತ್ತು ಕಣಜವನ್ನೇ ಅಭ್ಯಾಸ ಮಾಡಿದ್ದಾರೆ. ಇಷ್ಟು ಬಿಗಿಯಾದ ಒಪ್ಪಂದದಲ್ಲಿ ಒಬ್ಬ ತಪ್ಪಿದರೆ ಇನ್ನೊಬ್ಬನೂ ಇಲ್ಲ. ಗುಂಡುತೋಪಿನ ಅತ್ತಿ ಕಡಿಯುವವರು ಇದನ್ನು ಯೋಚಿಸುವುದಿಲ್ಲ.

ನಮ್ಮ ಬೆಳೆಗಳು ಹಾಗೆ ಒಬ್ಬನನ್ನೇ ನಂಬಿಲ್ಲ, ಅದು ನಮ್ಮ ಪುಣ್ಯ. ಹುಚ್ಚೆಳ್ಳಿಗೆ ಹೆಜ್ಜೇನೂ ಆಗುತ್ತೆ, ತುಡುವೆಯೂ ಆಗುತ್ತೆ, ಕೋಲುಜೇನೂ ಆಗುತ್ತೆ. ಹೀಗಿರುವಾಗ ಪೆಟ್ಟಿಗೆಯೊಂದನ್ನೇ ನಂಬಿ ನಾವಾಗಿ ಅತ್ತಿಯ ಪಾಡಿಗೆ ಯಾಕೆ ಹೋಗಬೇಕು? 1991ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಕೊಡಗಿನ ಜೇನು ಸಾಕಣೆದಾರರು ಅದನ್ನು ಮರೆತಿಲ್ಲ.

ಹುಳಕ್ಕೆ ವರ್ಷಪೂರ್ತಿ ಊಟ ಬೇಕು. ನಮ್ಮ ಹಿರಿಯರ ಹೊಲದಲ್ಲಿ ಅದು ಇತ್ತು. ಆರೋ ಎಂಟೋ ಸಾಲು ರಾಗಿಗೆ ಒಂದು ಅಕ್ಕಡಿ. ಕಾರ್ತಿಕದ ಹೊತ್ತಿಗೆ ಹುಚ್ಚೆಳ್ಳು ಹೂ, ಹಿಂದೆಯೇ ತೊಗರಿ, ಚಳಿಗೆ ಅವರೆ. ಅದು ಮುಗಿಯುವಷ್ಟರಲ್ಲಿ ಮಾವು, ಯುಗಾದಿ ಆಚೀಚೆ ಬೇವು, ಹೊಂಗೆ, ಮುಂಗಾರಿನ ಬಾಗಿಲಲ್ಲಿ ಹುಣಸೆ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕ್ರುಂಬಿಗಲ್ ಸಾಹೇಬರು ಒಂದು ಜಾತಿ ಮರದ ಹೂ ಉದುರಿದರೆ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ಬೀದಿಗಳಲ್ಲಿ ಮರ ನೆಡಿಸಿದರು ಅಂತ ಹೊಗಳುತ್ತಾರೆ. ಹೊಗಳಲಿ. ಅವರದ್ದು ಜನರ ಕಣ್ಣಿಗೆ. ಹೊಟ್ಟೆಗೆ ಆ ಕೆಲಸವನ್ನು ಅಕ್ಷರ ಬಾರದ ನಮ್ಮಜ್ಜಂದಿರು ಮೊದಲೇ ಮಾಡಿದ್ದರು.

ಈಗ ಆ ಸರಪಣಿ ನಡುನಡುವೆ ತುಂಡಾಗಿದೆ. ಬಿಟಿಎಂ ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಊರುಗಳೇ. ಸಾರಕ್ಕಿ, ಪುಟ್ಟೇನಹಳ್ಳಿ ಜೆ.ಪಿ. ನಗರದೊಳಗೆ ಹೋದವು. ಹೊಲ ಹೋದ ಮೇಲೆ ಹೆಜ್ಜೇನು ಅಪಾರ್ಟ್‌ಮೆಂಟಿನ ಸಜ್ಜಾಕ್ಕೆ ಗೂಡು ಕಟ್ಟಿತು. ಬೇರೆಲ್ಲಿ ಕಟ್ಟಬೇಕು? ನಮ್ಮ ಹೊಲದ ಪಕ್ಕ ಎದ್ದಿರುವ ಒಂದು ಕಟ್ಟಡದವರು ಹೋದ ವರ್ಷ ಆಳು ಕರೆಸಿ ಔಷಧಿ ಹೊಡೆಸಿದರು. ಬುಟ್ಟಿಗಟ್ಟಲೆ ಗುಡಿಸಿ ಹಾಕಿದ್ದನ್ನು ನೋಡಿದೆ. ಆಗ ನನ್ನ ಹುಚ್ಚೆಳ್ಳು ಹೂವಿನಲ್ಲಿತ್ತು. ಮಕ್ಕಳಿಗೆ ಕಚ್ಚುತ್ತೆ ಅನ್ನುವ ಅವರ ಭಯ ಸುಳ್ಳಲ್ಲ. ಆದರೆ ಹೆಜ್ಜೇನು ಹೂವಿನ ಹಿಂದೆ ವಲಸೆ ಹೋಗುವ ಜಾತಿ, ಕಾಲ ಮುಗಿದರೆ ತಾನೇ ಎದ್ದು ಹೋಗುತ್ತೆ. ಇದನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ, ಕಳೆದುಕೊಂಡರೆ ಕೊಂಡು ತರಲೂ ಆಗುವುದಿಲ್ಲ.

ಪಟ್ಟಣದವರನ್ನು ಬೈದು ನಾವು ಒಳ್ಳೆಯವರಾಗುವುದೂ ಸರಿಯಲ್ಲ. ಹೂ ತುಂಬಿದ ತೊಗರಿಗೆ ಬೆಳಿಗ್ಗೆ ಹತ್ತು ಗಂಟೆಗೆ ಔಷಧಿ ಹೊಡೆಯುವವರು ನಮ್ಮಲ್ಲೇ ಇದ್ದಾರೆ. ಇಮಿಡಾಕ್ಲೋಪ್ರಿಡ್ ಸೇರಿ ಮೂರು ವಿಷಗಳನ್ನು ಜೇನಿನ ಸಲುವಾಗಿಯೇ ಯುರೋಪಿನವರು 2018ರಲ್ಲಿ ಬಯಲು ಬೆಳೆಗೆ ನಿಷೇಧಿಸಿದರು. ನಮ್ಮ ಅಂಗಡಿಯಲ್ಲಿ ಅದನ್ನು ಸೊಪ್ಪಿಗೂ ಕೊಡುತ್ತಾರೆ, ಹೂವಿಗೂ ಕೊಡುತ್ತಾರೆ.

ಅಕ್ಕಡಿ ಯಾಕೆ ಬಿಟ್ಟೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಕೂಲಿ ಸಿಗಲ್ಲ, ರಾಗಿ ಕೊಯ್ಯುವ ಯಂತ್ರಕ್ಕೆ ಅಡ್ಡ ಬರುತ್ತೆ. ನಿಜವಾದ ಕಷ್ಟವೇ, ತಳ್ಳಿ ಹಾಕುವ ಹಾಗಿಲ್ಲ. ಹಾಗಾದರೆ ಸಾಲು ನಡುವೆ ಬೇಡ, ಹೊಲದ ಸುತ್ತ ಎರಡು ಸಾಲು ಹುಚ್ಚೆಳ್ಳು, ಒಂದು ಮೂಲೆಯಲ್ಲಿ ತೊಗರಿ, ಅವರೆ ಹಾಕಿ. ಯಂತ್ರ ತನ್ನ ಪಾಡಿಗೆ ಓಡಾಡುತ್ತೆ. ಒಂದು ಬದುವನ್ನಾದರೂ ಕೆರೆಯದೆ ಬಿಡಿ, ತುಂಬೆ, ಉತ್ತರಾಣಿ ಬೆಳೆದರೆ ಬೆಳೆಯಲಿ.

ನನ್ನಲ್ಲಿ ನಾಲ್ಕು ಸೇರು ನಾಟಿ ಹುಚ್ಚೆಳ್ಳು ಬೀಜ ಉಳಿದಿದೆ. ಬೇಕಾದವರು ಸಂಪಾದಕರಿಗೆ ಒಂದು ಕಾಗದ ಬರೆದರೆ ತಲಾ ಒಂದು ಪಾವು ಕಳಿಸುತ್ತೇನೆ, ಮುಗಿಯುವವರೆಗೆ.