ಹೂವಿಗೆ ಮುಹೂರ್ತ ಗೊತ್ತಿಲ್ಲ

ಮದುವೆ ಫಿಕ್ಸ್ ಆಯ್ತು ಅಂದ್ರೆ ಈಗ ಪಂಚಾಂಗಕ್ಕಿಂತ ಮೊದಲು ಪಿಂಟರೆಸ್ಟ್ ಓಪನ್ ಆಗುತ್ತೆ. ಮೊಣಕಾಲೆತ್ತರ ಕಾಡುಹೂಗಳು, ಮಧ್ಯೆ ಕಾಲುದಾರಿ, ಎರಡೂ ಕಡೆ ಮರದ ಕುರ್ಚಿ. ನಮ್ಮ ಚಿಕ್ಕಪ್ಪನ ಮಗಳೂ ಫ್ಯಾಮಿಲಿ ಗ್ರೂಪಿಗೆ ಇಂಥವೇ ಫೋಟೋ ಸುರಿದಿದ್ದಾಳೆ. "ಅಣ್ಣಾ, ಮಾರ್ಚಲ್ಲಿ, ಸಕಲೇಶಪುರದ ಮಾವನ ತೋಟದಲ್ಲಿ, ಹೂವಿನ ಮಧ್ಯೆ!" ಎಕ್ಸೆಲ್ ಶೀಟ್ ಮಾಡೋ ಕೆಲಸ ಎಂದಿನಂತೆ ಮನೆಯ ಸಾಫ್ಟ್‌ವೇರ್ ಎಂಜಿನಿಯರ್ ಪಾಲಿಗೆ ಬಂತು. ಬಯಲು ಮದುವೆಯ ಆಸೆ ಇರುವವರಿಗೆ ಆ ಶೀಟಿನ ಸಾರಾಂಶ ಇಲ್ಲಿದೆ.

ಮೊದಲನೇ ವಿಷಯ, ಆ ಫೋಟೋಗಳಲ್ಲಿರೋ ವಸಂತ ಹಿಮ ಕರಗೋ ದೇಶಗಳದ್ದು. ಅಲ್ಲಿ ಚಳಿ ಮುಗಿದಾಗ ನೆಲವೇ ಹೂ ಬಿಡುತ್ತೆ. ನಮ್ಮಲ್ಲಿ ಮಾರ್ಚ್ ಹೊತ್ತಿಗೆ ಬಯಲಿನ ಹುಲ್ಲು ಒಣಗಿ ನಿಂತಿರುತ್ತೆ. ತುಂಬೆ, ಕರ್ಣಕುಂಡಲ, ಗೌರಿಹೂ ಇವೆಲ್ಲ ಮಳೆಯ ಮಕ್ಕಳು. ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿ ಹೂವಿನ ಹಾಸಿಗೆ ಆಗೋದೂ ಆಗಸ್ಟ್-ಸೆಪ್ಟೆಂಬರ್‌ನಲ್ಲೇ. ಆಗ ಬಯಲಲ್ಲಿ ಮದುವೆ ಇಟ್ಟುಕೊಂಡ್ರೆ ಲಗ್ನಪತ್ರಿಕೆ ಜೊತೆ ಒಂದೊಂದು ಕೊಡೆನೂ ಹಂಚಬೇಕು.

ಹಾಗಂತ ನಮ್ಮ ವಸಂತ ಬಡವ ಅಲ್ಲ, ಅದನ್ನ ತಲೆ ಎತ್ತಿ ನೋಡಬೇಕು ಅಷ್ಟೇ. ಎಲೆ ಉದುರಿಸಿ ಕೆಂಡದ ಹಾಗೆ ನಿಲ್ಲೋ ಮುತ್ತುಗ, ಕೆಂಪು ಬೂರುಗ, ಹಾಲುವಾಣ, ಮಾವು, ಬೇವು. ಹೊಂಗೆ ಮರದ ಕೆಳಗೆ ಉದುರಿದ ಹೂವೇ ಜಮಖಾನ. ಮಲೆನಾಡಿನ ಸುರಗಿ ಒಣಗಿದ ಮೇಲೂ ಪರಿಮಳ ಬಿಡಲ್ಲ. ಇವುಗಳಲ್ಲಿ ಯಾವ ಮರ ಜಾಗದಲ್ಲಿದೆ ಅಂತ ನೋಡ್ಕೊಂಡು ಅದರ ಪಕ್ಕ ಮಂಟಪ ಇಟ್ರೆ, ಡೆಕೋರೇಶನ್ ಬಿಲ್ಲಿನಲ್ಲಿ ಒಂದು ದೊಡ್ಡ ಸಾಲು ಅಳಿಸಬಹುದು.

ಇನ್ನು ಕಾಫಿ ಹೂ. ತಂಗಿಯ ಕನಸು ಇದೇ. ತೋಟ ಪೂರ್ತಿ ಬೆಳ್ಳಗೆ, ಗಾಳಿ ತುಂಬಾ ಮಲ್ಲಿಗೆಯಂಥ ವಾಸನೆ. ಆದರೆ ಆ ಹೂ ಬರಬೇಕಾದ್ರೆ ಬೇಸಿಗೆ ಶುರುವಲ್ಲಿ ಹೂಮಳೆ ಬೀಳಬೇಕು. ಒಂದಿಂಚು ಮಳೆ ಸರಿಯಾಗಿ ಬಿದ್ರೆ ಸುಮಾರು ಎಂಟು-ಹತ್ತು ದಿನಕ್ಕೆ ಹೂ ಅರಳುತ್ತೆ, ಮೂರ್ನಾಲ್ಕು ದಿನದಲ್ಲಿ ಬಾಡುತ್ತೆ. ಮಳೆ ಫೆಬ್ರವರಿಯಲ್ಲೂ ಬರಬಹುದು, ಏಪ್ರಿಲ್‌ಗೂ ಹೋಗಬಹುದು. ಮುಹೂರ್ತ ಇಡಬೇಕಾದ್ದು ತಿಂಗಳುಗಳ ಮೊದಲು, ಹೂವಿನ ತಾರೀಕು ಗೊತ್ತಾಗೋದು ಹತ್ತು ದಿನ ಮೊದಲು. ಈ ಎರಡನ್ನ ಯಾವ ಶೀಟಿನಲ್ಲೂ ಸೇರಿಸೋಕಾಗಲ್ಲ.

ಅವಳ ಸೋದರಮಾವ ಹೇಳಿದ ಮಾತು ಇನ್ನೂ ನೇರ: "ನೋಡಮ್ಮ, ಆ ದಿನ ಹೂ ಬಂದ್ರೆ ನಿನ್ನ ಪುಣ್ಯ. ಆದ್ರೆ ಗಿಡದ ಸಾಲಿನೊಳಗೆ ಒಬ್ಬರೂ ಕಾಲಿಡಬಾರದು." ಅವರಿಗೆ ಅದು ಬ್ಯಾಕ್‌ಗ್ರೌಂಡ್ ಅಲ್ಲ, ವರ್ಷದ ಆದಾಯ. ಹೂ ಉದುರಿದಷ್ಟೂ ಕಾಯಿ ಕಡಿಮೆ. ರೋಬಸ್ಟಾಗಂತೂ ಪರಾಗಸ್ಪರ್ಶಕ್ಕೆ ಗಾಳಿ, ಜೇನು ಎರಡೂ ಬೇಕು. ಫೋಟೋಶೂಟ್ ಏನಿದ್ರೂ ತೋಟದ ರಸ್ತೆಯಲ್ಲಿ ಅಂತ ಒಪ್ಪಂದ ಆಯ್ತು.

ಜೇನು ಅಂದಾಗ ಇನ್ನೊಂದು ಮಾತು. ಹೂವಿನ ಕಾಲ ಅಂದ್ರೆ ಹೆಜ್ಜೇನಿನ ಕಾಲ ಕೂಡ. ಜಾಗ ನೋಡೋಕೆ ಹೋದಾಗ ದೊಡ್ಡ ಮರಗಳ ಕೊಂಬೆಗಳನ್ನ ಗಮನಿಸಿ. ಗೂಡಿದ್ರೆ ಮಂಟಪ ಬೇರೆ ಕಡೆ ಹಾಕಿ. ಪಟಾಕಿ ಬೇಡವೇ ಬೇಡ, ಅಡುಗೆ ಒಲೆಯ ಹೊಗೆಯೂ ಆ ಕಡೆ ಹೋಗದ ಹಾಗೆ ನೋಡ್ಕೊಳ್ಳಿ. ಪುಟ್ಟ ಮಕ್ಕಳು, ಓಡೋಕಾಗದ ಹಿರಿಯರು ಇರೋ ಜಾಗ ಅದು.

ಸಮಯದ ಬಗ್ಗೆ: ಮಾರ್ಚ್ ಮಧ್ಯಾಹ್ನ ಬೆಂಗಳೂರಲ್ಲೇ 33 ಡಿಗ್ರಿ ಆಸುಪಾಸು ಇರುತ್ತೆ. ಸಂಜೆಗೆ ಹಾಕೋಣ ಅಂದ್ರೆ ಮುಂಗಾರಿಗೆ ಮುಂಚಿನ ಗುಡುಗು-ಮಳೆ ಸಾಮಾನ್ಯವಾಗಿ ಬರೋದೇ ಮಧ್ಯಾಹ್ನದ ಮೇಲೆ. ಆದ್ದರಿಂದ ಪುರೋಹಿತರ ಹತ್ತಿರ ಬೆಳಗಿನ ಲಗ್ನವನ್ನೇ ಕೇಳಿ. ಒಂಬತ್ತರೊಳಗೆ ಧಾರೆ, ಹನ್ನೆರಡರೊಳಗೆ ಕೊನೇ ಪಂಕ್ತಿ. ಶೌಚಾಲಯ, ಕುಡಿಯೋ ನೀರು, ಜನರೇಟರ್, ಗಾಡಿ ನಿಲ್ಲಿಸೋ ಜಾಗ ಈ ನಾಲ್ಕನ್ನ ಹೂವಿಗಿಂತ ಮೊದಲು ಬರೆದುಕೊಳ್ಳಿ. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ ಅನ್ನೋದೂ ನೆನಪಿರಲಿ.

ಇಷ್ಟೆಲ್ಲ ಕೇಳಿದ ಚಿಕ್ಕಪ್ಪ, "ಸುಮ್ನೆ ಹಾಸನದಲ್ಲಿ ಎಸಿ ಛತ್ರ ಬುಕ್ ಮಾಡೋಣ" ಅಂದ್ರು. ತಂಗಿ ಮುಖ ಸಣ್ಣದಾಯ್ತು. ಗಂಟು ಬಿಡಿಸಿದ್ದು ಅಜ್ಜಿ. "ನಮ್ಮ ಕಾಲದಲ್ಲಿ ಛತ್ರ ಎಲ್ಲಿತ್ತೋ? ಮನೆ ಮುಂದೆ ಚಪ್ಪರ ಹಾಕಿಯೇ ಅಲ್ವಾ ಮದುವೆ ಆಗಿದ್ದು?"

ಹೌದಲ್ಲ! ಅಡಿಕೆ ಕಂಬ, ತೆಂಗಿನ ಗರಿ, ಮಾವಿನ ತೋರಣ. ನಾವು ಔಟ್‌ಡೋರ್ ವೆಡ್ಡಿಂಗ್ ಅಂತ ಹುಡುಕ್ತಿರೋದನ್ನ ಮಲೆನಾಡಿನ ಅಂಗಳಗಳು ಮೊದಲಿಂದ ಮಾಡ್ಕೊಂಡೇ ಬಂದಿವೆ. ದಪ್ಪ ಗರಿಯ ಚಪ್ಪರ ಬಿಸಿಲು ತಡೆಯುತ್ತೆ. ಮಳೆಗೆ ಮಾತ್ರ ಮೇಲೊಂದು ಟಾರ್ಪಾಲಿನ್ ರೆಡಿ ಇರಲಿ. ಮಂಡಿನೋವಿನ ಅಜ್ಜಿಗೆ ಛತ್ರದ ಮೆಟ್ಟಿಲು ಹತ್ತೋ ಕಷ್ಟವೂ ತಪ್ಪುತ್ತೆ.

ಈಗ ನಿರ್ಧಾರ ಆಗಿದೆ: ಮಾವನ ಮನೆ ಅಂಗಳ, ಬೆಳಗಿನ ಲಗ್ನ, ಇನ್ನೂರೈವತ್ತು ಜನ. ನೆಂಟರು, ಜಾಗ, ಊಟ ನಮ್ಮ ಕೈಯಲ್ಲಿರೋವು, ಅವನ್ನ ಪಕ್ಕಾ ಮಾಡಿದ್ದೀವಿ. ಹೂವಿನ ಕಾಲಂನಲ್ಲಿ ತಂಗಿಯೇ ಟೈಪ್ ಮಾಡಿದಾಳೆ: "ಅವತ್ತು ಯಾವುದು ಅರಳಿರುತ್ತೋ ಅದು."