ಮಗಳು ತಂದ ರಸ್ತೆ

2022ರ ಅಕ್ಟೋಬರಿನಲ್ಲಿ ಹದಿನೇಳರೊಳಗಿನ ಬಾಲೆಯರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿ ಭಾರತದಲ್ಲಿ ಜರುಗಿತು. ಆಡಿದ ತಂಡಗಳು 16, ವಿಜಯಮಾಲೆ ಸ್ಪೇನಿಗೆ. ಭಾರತದ ಬಾಲೆಯರು ಭುವನೇಶ್ವರದಲ್ಲಿ ಅಮೆರಿಕಕ್ಕೆ 8, ಮೊರಾಕೊಗೆ 3, ಬ್ರೆಜಿಲಿಗೆ 5 ಗೋಲುಗಳನ್ನೊಪ್ಪಿಸಿ, ತಾವೊಂದನ್ನೂ ಗಳಿಸದೆ ನಿರ್ಗಮಿಸಿದರು.

ನಾಯಕಿ ಅಷ್ಟಮ್ ಉರಾಂವ್ ಜಾರ್ಖಂಡದ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಅವಳ ಹೆಸರಿನಿಂದಾಗಿ ಆ ಹಳ್ಳಿಗೆ ರಸ್ತೆ ಬಂದಿತು. ಅದರ ಕೆಲಸಕ್ಕೆ ದಿನಗೂಲಿಗೆ ದುಡಿದವರಲ್ಲಿ ಅವಳ ತಂದೆತಾಯಿಗಳೂ ಇದ್ದರು!

ಸೋಲಿಗೆ ಮೂಗು ಮುರಿಯುವವರು ಬೋರನಕಣಿವೆಯ ತೆಂಗಿನ ಬೆಳೆಗಾರರನ್ನು ಕೇಳಲಿ. ಸಸಿ ನೆಟ್ಟ ವರ್ಷವೇ ಕಾಯಿ ಬಿಡದು. ನೀರುಣಿಸಿ ಆರೇಳು ವರ್ಷ ಕಾಯಬೇಕು. ಶಾಲೆಯ ಬಯಲಿನಲ್ಲಿ ಸಂಜೆ ಹುಡುಗಿಯರಿಗೂ ಒಂದು ಚೆಂಡು ದೊರೆತರೆ ಅದೇ ಮೊದಲ ನೀರು. ಹೆಸರು ಬಂದ ಮೇಲೆ ರಸ್ತೆ ಹಾಕುವುದಕ್ಕಿಂತ, ಆಡುವ ಮುನ್ನವೇ ಬಯಲನ್ನು ಬಿಟ್ಟುಕೊಡುವುದು ಲೇಸಲ್ಲವೆ?